ಹಾರಬೇಡ, ನಿಲ್ಲು

ಈ ವಾರದ ಪುಟವನ್ನು ಅಜ್ಜ-ಅಜ್ಜಿಯರು ಮೊದಲು ಓದಲಿ, ಮಕ್ಕಳು ಆಮೇಲೆ ಓದಲಿ. ಮಕ್ಕಳಿಗೆ ಅರ್ಧ ಗೊತ್ತಿರುವ, ದೊಡ್ಡವರಿಗೆ ಏನೇನೂ ಗೊತ್ತಿಲ್ಲದ ವಿಷಯ ಇದು. ಅದಕ್ಕೇ ಈ ತಿರುಗುಮುರುಗು.

ರಜೆಗೆ ಮೊಮ್ಮಕ್ಕಳು ಬಂದಾಗ ಟಿವಿ ಇರುವ ಕೋಣೆಯಿಂದ ‘ಢಿಶುಂ, ಅಯ್ಯೋ, ಬಿಡಬೇಡ’ ಎಂದು ಗಲಾಟೆ ಕೇಳುತ್ತದಲ್ಲ, ಅದು ಸಿನಿಮಾ ಅಲ್ಲ, ಫೈಟಿಂಗ್ ಗೇಮ್. ಪರದೆಯ ಎಡಕ್ಕೊಬ್ಬ, ಬಲಕ್ಕೊಬ್ಬ ನಿಂತಿರುತ್ತಾರೆ. ಮೇಲೆ ಇಬ್ಬರಿಗೂ ಒಂದೊಂದು ಪಟ್ಟಿ. ಪೆಟ್ಟು ಬಿದ್ದಷ್ಟೂ ಪಟ್ಟಿ ಕರಗುತ್ತದೆ. ನಡುವೆ ಗಡಿಯಾರ 99ರಿಂದ ಕೆಳಕ್ಕೆ ಎಣಿಸುತ್ತಾ ಹೋಗುತ್ತದೆ. ಯಾರ ಪಟ್ಟಿ ಮೊದಲು ಖಾಲಿಯಾಯಿತೋ ಅವರು ಆ ಸುತ್ತು ಸೋತರು. ಮೂರರಲ್ಲಿ ಎರಡು ಸುತ್ತು ಗೆದ್ದವರದು ಆಟ. ಜಾತ್ರೆಯ ಕುಸ್ತಿಯನ್ನು ಟಿವಿಯೊಳಗೆ ಇಳಿಸಿದ ಹಾಗೆ ಅಂದುಕೊಳ್ಳಿ. ಪೈಲ್ವಾನನ ಮೈ ಪರದೆಯಲ್ಲಿ, ಬುದ್ಧಿ ಮಾತ್ರ ಸೋಫಾದ ಮೇಲೆ.

ಇದೇನೂ ನಿನ್ನೆ ಮೊನ್ನೆ ಬಂದದ್ದಲ್ಲ. ಜಪಾನಿನ ಕ್ಯಾಪ್ಕಾಮ್ ಕಂಪನಿ ‘ಸ್ಟ್ರೀಟ್ ಫೈಟರ್ 2’ ತಂದದ್ದು 1991ರಲ್ಲಿ. ಈಗಿನ ಇಂಥ ಆಟಗಳೆಲ್ಲ ಅದರ ಮಕ್ಕಳು ಮೊಮ್ಮಕ್ಕಳೇ. ಇವರ ಅಪ್ಪಂದಿರನ್ನು ಒಮ್ಮೆ ವಿಚಾರಿಸಿ ನೋಡಿ. ಪೇಟೆಯ ವಿಡಿಯೊ ಗೇಮ್ ಅಂಗಡಿಯಲ್ಲಿ ‘ಮುಸ್ತಫಾ’ ಆಡಲು ಚಿಲ್ಲರೆ ಕೂಡಿಟ್ಟವರು ಒಬ್ಬರಾದರೂ ಸಿಗುತ್ತಾರೆ. (ಆ ಆಟದ ನಿಜವಾದ ಹೆಸರು ‘ಕ್ಯಾಡಿಲಾಕ್ಸ್ ಆ್ಯಂಡ್ ಡೈನೊಸಾರ್ಸ್’, 1993ರದು. ಹಾಗೆ ಕರೆದವರನ್ನು ನಮ್ಮಲ್ಲಿ ನಾನು ಕಾಣೆ.) ಆಮೇಲೆ ಬಂದ ‘ಟೆಕೆನ್ 3’ರ ಹೆಸರೆತ್ತಿದರಂತೂ ಅವರ ಕಣ್ಣು ಈಗಲೂ ಹೊಳೆಯುತ್ತದೆ.

ಈಗ ನಮ್ಮ ಮನೆಯ ಕಥೆ. ಕುಪ್ಪಗಡ್ಡೆಯಲ್ಲಿ ನಮ್ಮ ಜೊತೆ ಇರುವವಳು ಮಗನ ಮಗಳು, ಎಂಟನೇ ಕ್ಲಾಸು ಮುಗಿಸಿದವಳು. ಈ ಬೇಸಿಗೆಗೆ ಬಂದವನು ಬೆಂಗಳೂರಿನ ಮಗಳ ಮಗ, ಹತ್ತಕ್ಕೆ ಹೋಗುವವನು. ಅವನು ಬಟ್ಟೆಯ ಚೀಲಕ್ಕಿಂತ ಜೋಪಾನವಾಗಿ ತಂದದ್ದು ಪ್ಲೇಸ್ಟೇಷನ್ ಪೆಟ್ಟಿಗೆ, ಎರಡು ಕಂಟ್ರೋಲರ್, ‘ಸ್ಟ್ರೀಟ್ ಫೈಟರ್ 6’. ಇಬ್ಬರೂ ಚಿಕ್ಕಂದಿನಿಂದ ಒಟ್ಟಿಗೇ ಗೇರುಹಣ್ಣು ಕದ್ದವರು, ಒಟ್ಟಿಗೇ ಬೈಸಿಕೊಂಡವರು. ಮೂರನೇ ದಿನಕ್ಕೆ ಹುಡುಗಿ ಕಂಟ್ರೋಲರ್ ಕೆಳಗಿಟ್ಟು ಎದ್ದುಹೋದಳು. ಒಂದೇ ಒಂದು ಆಟ ಗೆದ್ದಿರಲಿಲ್ಲ. ರಾತ್ರಿ ಊಟಕ್ಕೆ ಅವನ ಪಕ್ಕದ ಮಣೆ ಬಿಟ್ಟು ಅಜ್ಜಿಯ ಹತ್ತಿರ ಕೂತಳು.

“ಆಡಲ್ವೇನೇ ಪುಟ್ಟಿ?” ಅಂದೆ.

“ನಂಗೆ ಯಾವ್ದೂ ಬರಲ್ಲ ಅಜ್ಜ” ಅಂದಳು.

ಆಟ ಬಿಟ್ಟರೆ ಬಿಡಲಿ, ಅದರಿಂದ ಯಾರ ಗದ್ದೆಯೂ ಒಣಗುವುದಿಲ್ಲ. ಆದರೆ ‘ಈ ಆಟ ಬರಲ್ಲ’ ಅನ್ನಲಿಲ್ಲ ಅವಳು, ‘ಯಾವ್ದೂ ಬರಲ್ಲ’ ಅಂದಳು. ಹದಿಮೂರು ವರ್ಷದ ಹುಡುಗಿಯ ಬಾಯಲ್ಲಿ ಆ ಮಾತು ನನ್ನ ಕಿವಿಗೆ ಚುಚ್ಚಿತು.

ಮರುದಿನ ಇಬ್ಬರನ್ನೂ ಕೂರಿಸಿ, “ಇಪ್ಪತ್ತು ಸುತ್ತು ಆಡಿ, ನಾನು ನೋಡ್ತೀನಿ” ಅಂದೆ. ಯಾವ ಬಟನ್ ಒತ್ತಿದರೆ ಏನಾಗುತ್ತದೆ ಅನ್ನುವುದು ನನಗೆ ಗೊತ್ತಿಲ್ಲ. ಗೊತ್ತಿರಬೇಕಾಗಿಯೂ ಇಲ್ಲ. ಅಡಿಕೆ ಲೆಕ್ಕದ ಪುಸ್ತಕದ ಕೊನೆಯ ಹಾಳೆ ತೆಗೆದು, ಪ್ರತಿ ಸುತ್ತಿನಲ್ಲೂ ಅವಳಿಗೆ ಕೊನೆಯ ಪೆಟ್ಟು ಬಿದ್ದಾಗ ಅವಳು ಏನು ಮಾಡುತ್ತಿದ್ದಳು ಎಂದು ಮಾತ್ರ ಗೀಟು ಹಾಕಿದೆ. ಇಪ್ಪತ್ತೂ ಸೋತಳು. ಗೀಟು ಎಣಿಸಿದರೆ, ಹನ್ನೊಂದು ಸಲ ಅವಳು ಗಾಳಿಯಲ್ಲಿದ್ದಳು. ಐದು ಸಲ ಸುಮ್ಮನೆ ತಡೆದು ನಿಂತವಳನ್ನು ಅವನು ಹಿಡಿದೆತ್ತಿ ಒಗೆದಿದ್ದ. ಉಳಿದ ನಾಲ್ಕು ಚಿಲ್ಲರೆ.

ಹಾಳೆ ತೋರಿಸಿದೆ. “ಹನ್ನೊಂದಾ!” ಅಂದಳು. ಆಡುವಾಗ ತಾನು ಅಷ್ಟು ಹಾರುತ್ತಿದ್ದೇನೆ ಎಂಬುದು ಅವಳಿಗೆ ಗೊತ್ತೇ ಇರಲಿಲ್ಲ. ‘ನಂಗೆ ಯಾವ್ದೂ ಬರಲ್ಲ’ ಎಂಬ ದೊಡ್ಡ ಗುಡ್ಡ ಹೋಗಿ ‘ನಾನು ಜಾಸ್ತಿ ಹಾರ್ತೀನಿ’ ಎಂಬ ಸಣ್ಣ ಕಲ್ಲು ಉಳಿಯಿತು. ಕಲ್ಲನ್ನಾದರೆ ಎತ್ತಿ ಆಚೆ ಇಡಬಹುದು.

ಹಾರಿದರೆ ಯಾಕೆ ಪೆಟ್ಟು? ದೀಪಾವಳಿ ಮುಗಿದ ಮೇಲೆ ನಮ್ಮ ಸೊರಬ, ಶಿಕಾರಿಪುರದ ಕಡೆ ನಡೆಯುವ ಹೋರಿ ಬೆದರಿಸುವ ಹಬ್ಬ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕೊರಳಿಗೆ ಕೊಬ್ಬರಿ ಹಾರ, ಮೈತುಂಬ ಬಲೂನು ಕಟ್ಟಿಸಿಕೊಂಡ ಹೋರಿ ಅಖಾಡದಲ್ಲಿ ನುಗ್ಗಿ ಬರುತ್ತದೆ. ಕೊಬ್ಬರಿ ಹರಿಯಲು ನಿಂತವರಲ್ಲಿ ಪಳಗಿದವನ ಕಾಲು ಕೊನೆಯ ಗಳಿಗೆಯವರೆಗೂ ನೆಲದ ಮೇಲೇ ಇರುತ್ತದೆ. ನೆಲದ ಮೇಲಿದ್ದರೆ ಎಡಕ್ಕೂ ಸರಿಯಬಹುದು, ಬಲಕ್ಕೂ ಸರಿಯಬಹುದು, ಹಿಂದಕ್ಕೂ ಬರಬಹುದು. ಒಮ್ಮೆ ನೆಗೆದಿರೋ, ಎಲ್ಲಿ ಬೀಳುತ್ತೀರಿ ಎಂಬುದು ಆಗಲೇ ತೀರ್ಮಾನವಾಗಿಬಿಟ್ಟಿತು. (ಮಕ್ಕಳೇ, ಅದು ಜೀವಕ್ಕೆ ಅಪಾಯದ ಆಟ. ನೀವು ಬೇಲಿಯ ಹೊರಗೇ ನಿಂತು ನೋಡಿ.) ಪರದೆಯಲ್ಲೂ ಹಾಗೆಯೇ. ಈ ಆಟದಲ್ಲಿ ಗಾಳಿಯಲ್ಲಿರುವವರು ಪೆಟ್ಟು ತಡೆಯಲಾರರು, ದಾರಿ ಬದಲಿಸಲಾರರು. ಕೆಳಗಿದ್ದವನು ಕಾದು, ಬೀಳುವಾಗ ಗುದ್ದಿದರೆ ಆಯಿತು.

ಅವನು ಅಷ್ಟು ಬೇಗ ಹೇಗೆ ಗುದ್ದುತ್ತಾನೆ ಎಂದು ಅವಳಿಗೆ ಸೋಜಿಗ. “ಅವನ ಕೈ ಭಾರೀ ಚುರುಕು ಅಜ್ಜ” ಅಂದಳು. ಅದನ್ನೂ ಅಳೆದು ನೋಡಿದೆವು. ನೀವೂ ನೋಡಿ, ಶಾಲೆಯ 30 ಸೆಂಟಿಮೀಟರ್ ಸ್ಕೇಲ್ ಒಂದಿದ್ದರೆ ಸಾಕು. ಒಬ್ಬರು ಅದನ್ನು ಮೇಲ್ತುದಿಯಲ್ಲಿ ಹಿಡಿದು ನೇರವಾಗಿ ಇಳಿಬಿಡಲಿ. ಇನ್ನೊಬ್ಬರು ಸೊನ್ನೆ ಇರುವ ಕೆಳತುದಿಯಲ್ಲಿ ಬೆರಳುಗಳನ್ನು ಅಗಲಿಸಿ, ಸ್ಕೇಲಿಗೆ ತಾಗಿಸದೆ ಕಾಯಲಿ. ಹೇಳದೆ ಕೈಬಿಡಬೇಕು, ಬಿದ್ದದ್ದು ಕಂಡ ಕೂಡಲೇ ಬೆರಳಿನಿಂದ ಹಿಡಿಯಬೇಕು. 20 ಸೆಂಟಿಮೀಟರಿನ ಹತ್ತಿರ ಹಿಡಿದರೆ ನಿಮ್ಮ ಕಣ್ಣು ಕಂಡು ಕೈ ಆಡಲು ತೆಗೆದುಕೊಂಡದ್ದು ಸೆಕೆಂಡಿನ ಐದನೇ ಒಂದು ಭಾಗ. ನಮ್ಮ ಮನೆಯಲ್ಲಿ ಅಣ್ಣ ತಂಗಿ ಇಬ್ಬರೂ ಹೆಚ್ಚುಕಡಿಮೆ ಅಲ್ಲೇ ಹಿಡಿದರು. ನನ್ನ ಕೈಗೆ ಸಿಕ್ಕಿದ್ದು ಸ್ಕೇಲಿನ ಬಾಲ.

ಈಗ ಲೆಕ್ಕ ನೋಡಿ. ಈ ಆಟ ಒಂದು ಸೆಕೆಂಡನ್ನು 60 ಚೂರು ಮಾಡಿ ನಡೆಯುತ್ತದೆ. ಒಂದೊಂದು ಚೂರಿಗೂ ಫ್ರೇಮ್ ಎಂದು ಹೆಸರು. ಸೆಕೆಂಡಿನ ಐದನೇ ಒಂದು ಭಾಗವೆಂದರೆ 12 ಫ್ರೇಮ್. ಹತ್ತಿರದಿಂದ ಬೀಸುವ ಸಣ್ಣ ಪಂಚ್ ನಾಲ್ಕೈದು ಫ್ರೇಮಿನಲ್ಲಿ ಬಂದು ತಾಗುತ್ತದೆ. ಅದನ್ನು ಕಂಡು ತಡೆಯಲು ಯಾವ ಶೂರನಿಂದಲೂ ಆಗದು. ಆದರೆ ಒಂದು ಹಾರಾಟಕ್ಕೆ ಸುಮಾರು ಮುಕ್ಕಾಲು ಸೆಕೆಂಡು ಬೇಕು, ಅಂದರೆ 45 ಫ್ರೇಮಿನ ಆಸುಪಾಸು. ಅವಳು ನೆಲ ಬಿಟ್ಟದ್ದನ್ನು ನೋಡಿ, ಒಮ್ಮೆ ಉಸಿರೆಳೆದು, ಗುದ್ದಲು ಅವನಿಗೆ ಬೇಕಾದಷ್ಟು ಪುರುಸೊತ್ತು. ಅವನ ಕೈ ಚುರುಕಲ್ಲ, ಅವಳ ಹಾರಾಟ ನಿಧಾನ.

ಹಾಗಾದರೆ ಹೊಸಬರು ಏನು ಮಾಡಬೇಕು? ಎಲ್ಲ ಬಟನ್‌ಗಳನ್ನೂ ಒಟ್ಟಿಗೇ ಕುಟ್ಟುವುದನ್ನು ಮೊದಲು ಬಿಡಿ, ಅದು ಮಂಡಕ್ಕಿ ಹುರಿಯುವ ಕೆಲಸವಲ್ಲ. ಒಂದು ಇಡೀ ದಿನ ತಡೆಯುವುದನ್ನು ಮಾತ್ರ ಕಲಿಯಿರಿ. ಎದುರಾಳಿಯಿಂದ ದೂರ ಹೋಗುವ ದಿಕ್ಕಿಗೆ ಒತ್ತಿ ಹಿಡಿದರೆ ನಿಮ್ಮ ಪಾತ್ರ ಕೈ ಅಡ್ಡ ಹಿಡಿಯುತ್ತದೆ. ಕೆಳಗೆ ಮತ್ತು ಹಿಂದೆ ಸೇರಿಸಿ ಒತ್ತಿದರೆ ಕೂತು ತಡೆಯುತ್ತದೆ, ಕಾಲಿಗೆ ಬರುವ ಒದೆ ನಿಲ್ಲುತ್ತದೆ. ಮೇಲಿನಿಂದ ಹಾರಿ ಬಂದರೆ ಮಾತ್ರ ಎದ್ದು ನಿಂತು ತಡೆಯಬೇಕು. ಇನ್ನೊಂದು ಗುಟ್ಟು: ಕೆಳಗೆ ಒತ್ತಿಕೊಂಡು ದೊಡ್ಡ ಪಂಚ್ ಕೊಟ್ಟರೆ ಅನೇಕ ಪಾತ್ರಗಳು ಕೈಯನ್ನು ಮೇಲಕ್ಕೆ ಗುದ್ದುತ್ತವೆ. ಹಾರಿ ಬರುವವನಿಗೆ ಅದೇ ಮದ್ದು. ಹುಡುಗ ಅವಳಿಗೆ ಮಾಡುತ್ತಿದ್ದದ್ದೂ ಅದನ್ನೇ, ಬೇರೆ ಮಾಯಮಂತ್ರ ಏನಿರಲಿಲ್ಲ.

ತಡೆಯುವುದನ್ನೇ ಮಾಡುತ್ತಾ ಕೂತರೂ ನಡೆಯದು. ಆ ಐದು ಗೀಟು ನೆನಪಿದೆಯಲ್ಲ? ಕಲ್ಲು, ಕಾಗದ, ಕತ್ತರಿ ಆಟದ ಹಾಗೆಯೇ ಇಲ್ಲೂ ಒಂದು ಚಕ್ರ ಇದೆ. ತಡೆದರೆ ಪೆಟ್ಟು ಸೋಲುತ್ತದೆ. ಹಿಡಿದು ಒಗೆದರೆ ತಡೆ ಸೋಲುತ್ತದೆ. ಹಿಡಿಯಲು ಬಂದವನನ್ನು ಹೊಡೆದರೆ ಹಿಡಿತ ಸೋಲುತ್ತದೆ. ಹಿಡಿದ ಕ್ಷಣಕ್ಕೆ ನೀವೂ ಹಿಡಿಯುವ ಬಟನ್ ಒತ್ತಿದರೆ ಬಿಡಿಸಿಕೊಳ್ಳಬಹುದು. ಕಣ್ಣಿಗೆ ಸಿಗದಷ್ಟು ಬೇಗ ಬರುವ ಪೆಟ್ಟಿಗೆ ಉಪಾಯ ಇಲ್ಲೇ ಇರುವುದು: ಇವನು ಈಗ ಏನು ಮಾಡಿಯಾನು ಎಂದು ಮೊದಲೇ ಊಹಿಸಬೇಕು. ಹಬ್ಬದ ಅಖಾಡದ ಪಕ್ಕ ಕೂತ ಹಳಬರು ಹೋರಿ ಬರುವ ಮೊದಲೇ ‘ಇದು ಎಡಕ್ಕೆ ವಾಲ್ತದೆ ನೋಡು’ ಅನ್ನುತ್ತಾರೆ. ಅವರ ಕಣ್ಣು ಮಂಜಾದರೂ ಹೋರಿಯ ಚಾಳಿ ಗೊತ್ತು.

ಇದಕ್ಕೆ ಜಗತ್ತೇ ನೆನಪಿಟ್ಟುಕೊಂಡ ಒಂದು ಉದಾಹರಣೆ ಇದೆ. 2004ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ‘ಇವೊ’ ಎಂಬ ದೊಡ್ಡ ಪಂದ್ಯಾವಳಿ. ಆಟ ‘ಸ್ಟ್ರೀಟ್ ಫೈಟರ್ 3’. ಜಪಾನಿನ ಡೈಗೊ ಉಮೆಹಾರನ ಪಟ್ಟಿಯಲ್ಲಿ ಕೂದಲೆಳೆಯಷ್ಟು ಜೀವ ಉಳಿದಿತ್ತು, ಸುಮ್ಮನೆ ತಡೆದರೂ ಸೋಲುವಷ್ಟು ಕಡಿಮೆ. ಅಮೆರಿಕದ ಜಸ್ಟಿನ್ ವಾಂಗ್ ಚುನ್-ಲೀ ಎಂಬ ಪಾತ್ರದಿಂದ ಒಂದರ ಹಿಂದೊಂದು 15 ಒದೆಗಳ ಮಹಾಪಟ್ಟು ಹಾಕಿದ. ಆ ಆಟದಲ್ಲಿ ಪೆಟ್ಟು ಬೀಳುವ ಕ್ಷಣಕ್ಕೆ ಸರಿಯಾಗಿ ಮುಂದಕ್ಕೆ ಒತ್ತಿದರೆ ಅದನ್ನು ಪೂರ್ತಿ ತಳ್ಳಿಹಾಕಬಹುದು. ಡೈಗೊ ಹದಿನೈದನ್ನೂ ಹಾಗೆಯೇ ತಳ್ಳಿಹಾಕಿ, ತಿರುಗಿ ಹೊಡೆದು ಗೆದ್ದ. ಮೊದಲ ಒದೆಯನ್ನು ಅವನು ಕಂಡು ತಳ್ಳಿದ್ದಲ್ಲ. ವಾಂಗ್ ಈಗ ಅದನ್ನೇ ಹಾಕುತ್ತಾನೆ ಎಂದು ಅವನಿಗೆ ಗೊತ್ತಿತ್ತು. ಆ ವಿಡಿಯೊವನ್ನು ಮೊಮ್ಮಗ ನನಗೆ ಮೂರು ಸಲ ತೋರಿಸಿದ. ಅವನು ಹೇಳದೆ ಬಿಟ್ಟ ಸಂಗತಿಯನ್ನು ನಾನು ಹೇಳುತ್ತೇನೆ: ಆ ಆಟ ಗೆದ್ದ ಡೈಗೊ ಆ ವರ್ಷದ ಫೈನಲ್‌ನಲ್ಲಿ ಸೋತ.

ಪಾತ್ರ ಆರಿಸುವ ವಿಷಯ. ದಿನಕ್ಕೊಂದು ಬದಲಿಸಬೇಡಿ, ಒಂದನ್ನು ಹಿಡಿದು ಒಂದು ತಿಂಗಳಾದರೂ ಅದರಲ್ಲೇ ಆಡಿ. ನಮ್ಮ ದೇಶದವನೆಂದು ಧಾಲ್ಸಿಮ್ ಎಂಬ ಯೋಗಿ 1991ರಿಂದಲೂ ಈ ಆಟದಲ್ಲಿದ್ದಾನೆ. ಕೈಕಾಲು ರಬ್ಬರಿನಂತೆ ಉದ್ದವಾಗುತ್ತವೆ, ಬಾಯಿಂದ ಬೆಂಕಿ ಬರುತ್ತದೆ. ಇವರ ಅಜ್ಜಿ ಅದನ್ನು ನೋಡಿ, “ನಾನೂ ದಿನಾ ಯೋಗ ಮಾಡ್ತೀನಿ, ಅಟ್ಟದ ಮೇಲಿನ ಡಬ್ಬ ಇನ್ನೂ ಕೈಗೆ ಎಟುಕಲ್ಲ” ಅಂದಳು. ಅವಳು ಮೆಚ್ಚಿದ್ದು ಝಾಂಗೀಫ್ ಎಂಬ ರಷ್ಯಾದ ಕುಸ್ತಿಯವನನ್ನು. ನಡೆಯುವುದು ನಿಧಾನ, ಕೈಗೆ ಸಿಕ್ಕರೆ ಮಾತ್ರ ಬಿಡುವವನಲ್ಲ.

ಇನ್ನು ವಿಶೇಷ ಪಟ್ಟುಗಳು. ರ‍್ಯೂ ಎಂಬ ಪಾತ್ರ ಕೈಯಿಂದ ಬೆಂಕಿಯುಂಡೆ ಬಿಡಬೇಕಾದರೆ ಕೆಳಗೆ, ಓರೆ, ಮುಂದೆ ಎಂದು ಹೆಬ್ಬೆರಳನ್ನು ಜಾರಿಸಿ ಪಂಚ್ ಒತ್ತಬೇಕು. ಹಿಂದೆ ನಮಗೆ ಮರಳಿನ ಮೇಲೆ ಬೆರಳು ಹಿಡಿದು ಅಕ್ಷರ ತಿದ್ದಿಸುತ್ತಿದ್ದರಲ್ಲ, ಹಾಗೆಯೇ ಇದೂ. ಬೆರಳಿಗೆ ಒಮ್ಮೆ ಹತ್ತಿದರೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಎಡಗಡೆ ನಿಂತಾಗ ಬಂದದ್ದು ಬಲಗಡೆ ನಿಂತಾಗ ಕನ್ನಡಿಯಲ್ಲಿ ಕಂಡಂತೆ ಉಲ್ಟಾ ಆಗುತ್ತದೆ. ಹುಡುಗಿ ತಡವರಿಸಿದ್ದು ಅಲ್ಲೇ. ಟ್ರೈನಿಂಗ್ ಕೋಣೆಗೆ ಹೋಗಿ ಎಡಗಡೆ ಹತ್ತು, ಬಲಗಡೆ ಹತ್ತು. ನಡುವೆ ಒಂದು ತಪ್ಪಿದರೂ ಮತ್ತೆ ಒಂದರಿಂದ ಎಣಿಕೆ. ಅಜ್ಜಿ ಮಗ್ಗಿ ಒಪ್ಪಿಸಿಕೊಳ್ಳುವವರ ಹಾಗೆ ಪಕ್ಕದಲ್ಲಿ ಕೂತು ಎಣಿಸಿದಳು. ಬೆರಳು ಮಾತು ಕೇಳದವರಿಗೆ ಈ ಆಟದಲ್ಲಿ ‘ಮಾಡರ್ನ್’ ಎಂಬ ಸುಲಭದ ಬಗೆಯೂ ಇದೆ, ಒಂದೇ ಬಟನ್‌ಗೆ ಪಟ್ಟು ಬೀಳುತ್ತದೆ. ಅದರಲ್ಲಿ ಆಡಿದರೆ ಅವಮಾನವೇನಿಲ್ಲ.

ಕಾಂಬೋ ಅಂದರೆ ಪೆಟ್ಟಿನ ಬೆನ್ನಿಗೇ ಪೆಟ್ಟು, ಎದುರಾಳಿಗೆ ಉಸಿರಾಡಲು ಬಿಡದ ಸರಣಿ. ಮಕ್ಕಳಿಗೆ ಎಲ್ಲಕ್ಕಿಂತ ಮೊದಲು ಅದೇ ಬೇಕು. ಅದು ಹುಟ್ಟಿದ್ದೇ ಅಕಸ್ಮಾತ್ತಾಗಿ. ‘ಸ್ಟ್ರೀಟ್ ಫೈಟರ್ 2’ ತಯಾರಿಸುವಾಗ, ಕಾರು ಪುಡಿಮಾಡುವ ಒಂದು ಹಂತದಲ್ಲಿ ದೋಷ ಹುಡುಕುತ್ತಿದ್ದ ನೊರಿಟಾಕಾ ಫುನಾಮಿಜು ಅವರಿಗೆ ಪೆಟ್ಟಿನ ನಡುವೆ ಪೆಟ್ಟು ಸೇರುವುದು ಕಂಡಿತು. ಯಾರಿಗೆ ತಾನೇ ಬಂದೀತು ಎಂದು ಹಾಗೇ ಬಿಟ್ಟರು. ಬಂತು! ಆದರೂ ಹೊಸಬರು ಎರಡು ಪೆಟ್ಟಿನ ಸರಣಿಯೊಂದನ್ನು ಕಲಿತರೆ ಸದ್ಯಕ್ಕೆ ಧಾರಾಳ.

ಊರಲ್ಲಿ ನೆಟ್ ಸರಿಯಿಲ್ಲ, ದೊಡ್ಡ ಆಟಗಾರರು ಸಿಗುವುದಿಲ್ಲ ಎಂದು ಕೊರಗುವ ಮಕ್ಕಳಿಗೆ ಒಂದು ಮಾತು. 2019ರ ಫೆಬ್ರುವರಿಯಲ್ಲಿ ಜಪಾನಿನಲ್ಲಿ ನಡೆದ ಇವೊದ ‘ಟೆಕೆನ್ 7’ ಪಂದ್ಯವನ್ನು ಗೆದ್ದವನು ಪಾಕಿಸ್ತಾನದ ಲಾಹೋರಿನ ಅರ್ಸಲಾನ್ ಆ್ಯಶ್. ಹೊರಗಿನ ಲೋಕಕ್ಕೆ ಅವನ ಹೆಸರು ಹೆಚ್ಚೇನೂ ಗೊತ್ತಿರಲಿಲ್ಲ. ಅದೇ ಆಗಸ್ಟಿನಲ್ಲಿ ಅಮೆರಿಕದ ಇವೊವನ್ನೂ ಗೆದ್ದ. ‘ನನ್ನ ಊರಲ್ಲಿ ನನ್ನಂಥವರು ಇನ್ನೂ ಇದ್ದಾರೆ’ ಎಂಬ ಅರ್ಥದಲ್ಲಿ ಮಾತಾಡಿದ. ಆಮೇಲೆ ಕೊರಿಯಾದ ಹೆಸರಾಂತ ಆಟಗಾರರು ಕಲಿಯಲು ಪಾಕಿಸ್ತಾನಕ್ಕೇ ಹೋದರು. ಪಕ್ಕದ ಮನೆಯವನ ಜೊತೆ ಭುಜಕ್ಕೆ ಭುಜ ತಾಗಿಸಿ ಕೂತು ಆಡಿದ ಆಟಕ್ಕೆ ಅಷ್ಟು ಬೆಲೆ. ಅಜ್ಜಂದಿರಿಗೂ ಒಂದು ಸುದ್ದಿ ಇದೆ. 2023ರಲ್ಲಿ ಚೀನಾದ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಈ ಆಟಗಳಿಗೂ ಪದಕ ಇತ್ತು. ‘ಸ್ಟ್ರೀಟ್ ಫೈಟರ್ 5’ರಲ್ಲಿ ಚಿನ್ನ ಗೆದ್ದ ಕೊರಿಯಾದ ಕಿಮ್ ಗ್ವಾನ್-ವೂಗೆ ಆಗ 44 ವರ್ಷ. ನಮ್ಮ ದೇಶದಿಂದ ಮಯಾಂಕ್ ಪ್ರಜಾಪತಿ, ಅಯಾನ್ ಬಿಸ್ವಾಸ್ ಹೋಗಿದ್ದರು. ಪದಕ ಬರಲಿಲ್ಲ, ಮುಂದೆ ನೋಡೋಣ.

ಮನೆಯ ಹಿರಿಯರು ಆಟದ ಡಬ್ಬದ ಮೇಲಿನ ವಯಸ್ಸಿನ ಗುರುತನ್ನು ಓದಿಯೇ ಒಳಗೆ ಬಿಡಿ. ‘ಸ್ಟ್ರೀಟ್ ಫೈಟರ್ 6’ಕ್ಕೆ ಯುರೋಪಿನ ಗುರುತು 12, ಅಮೆರಿಕದ್ದು 13. ‘ಮಾರ್ಟಲ್ ಕಾಂಬ್ಯಾಟ್’ ಎಂಬುದು ರಕ್ತಸಿಕ್ತ, ಅದು ದೊಡ್ಡವರದು, ಮಕ್ಕಳು ಹಟ ಹಿಡಿದರೂ ಬೇಡ. ಅಮೆರಿಕದಲ್ಲಿ 1994ರಲ್ಲಿ ಈ ಗುರುತು ಹಾಕುವ ಪದ್ಧತಿ ಬರಲು ಅದರ ಮೇಲೆದ್ದ ಗದ್ದಲವೂ ಒಂದು ಕಾರಣ. ಹೊತ್ತಿನ ಮಿತಿಗೆ ನಮ್ಮಲ್ಲಿ ಒಂದು ಗಂಟೆಯ ಕಟ್ಟಳೆ. ಕೆಲವು ದಿನ ಆ ಕಟ್ಟಳೆಯನ್ನು ನಮಗಿಂತ ಮೊದಲು ಕರೆಂಟೇ ಪಾಲಿಸಿತು. ಸೋತ ಸಿಟ್ಟಿನಲ್ಲಿ ‘ಇನ್ನೊಂದೇ ಒಂದು’ ಎಂದು ಆಡುವ ಆಟ ಮಾತ್ರ ಬೇಡ. ಆಗ ಕಲಿಯುವುದು ಏನೂ ಇಲ್ಲ, ಕಂಟ್ರೋಲರ್ ಗೋಡೆಗೆ ಹಾರುತ್ತದೆ ಅಷ್ಟೇ. ಎದ್ದು ಒಂದು ಲೋಟ ಮಜ್ಜಿಗೆ ಕುಡಿದು ಬನ್ನಿ.

ದೊಡ್ಡ ಅಣ್ಣಂದಿರಿಗೂ ಹೇಳುವುದಿದೆ. ಚಿಕ್ಕವರ ಜೊತೆ ಬೇಕೆಂದೇ ಸೋಲಬೇಡಿ, ಅದು ಅವರಿಗೆ ತಕ್ಷಣ ಗೊತ್ತಾಗುತ್ತದೆ, ಗೆದ್ದದ್ದಕ್ಕಿಂತ ಹೆಚ್ಚು ಉರಿಯುತ್ತದೆ. ಸುತ್ತು ಮುಗಿದ ಮೇಲೆ ‘ನೀನು ಇಲ್ಲಿ ಹಾರಿದೆ, ನಾನು ಕಾಯ್ತಾ ಇದ್ದೆ’ ಎಂದು ಒಂದು ಮಾತು ಹೇಳಿ. ಜಾತ್ರೆಯಲ್ಲಿ ಗೆದ್ದ ಪೈಲ್ವಾನ ಸೋತವನನ್ನು ಕೈಹಿಡಿದು ಎಬ್ಬಿಸಿಯೇ ಕಣದಿಂದ ಹೊರಡುವುದು.

ಹುಡುಗಿ ಒಂದು ವಾರ ಹಾರದೆ ಆಡಿದಳು. ಮೊದಲ ಎರಡು ದಿನ ಇನ್ನೂ ಬೇಗ ಸೋತಳು, ಹಳೆಯ ಚಾಳಿ ಬಿಡುವಾಗ ಹಾಗೇ ಆಗುವುದು. ನಾಲ್ಕನೇ ದಿನದ ಹಾಳೆಯಲ್ಲಿ ಹಾರಾಟದ ಗೀಟು ಹನ್ನೊಂದರಿಂದ ಎರಡಕ್ಕೆ ಇಳಿದಿತ್ತು, ಮೂರು ಸುತ್ತು ಗೆದ್ದಿದ್ದಳು. ಹುಡುಗ ಹೊರಡುವ ಹಿಂದಿನ ಸಂಜೆ ಪೂರ್ತಿ ಒಂದು ಆಟ ಗೆದ್ದಳು. ಕೂಗಲಿಲ್ಲ, ಕುಣಿಯಲಿಲ್ಲ. ಕಂಟ್ರೋಲರ್ ಮೆಲ್ಲಗೆ ಕೆಳಗಿಟ್ಟು, “ಅಣ್ಣಾ, ಇನ್ನೊಂದು?” ಅಂದಳು. ಅವನು ಅವತ್ತು ಇನ್ನೂ ನಾಲ್ಕು ಗೆದ್ದ, ಅದು ಬೇರೆ ಮಾತು. ರಾತ್ರಿ ಊಟಕ್ಕೆ ಮಣೆಗಳು ಮತ್ತೆ ಅಕ್ಕಪಕ್ಕ ಬಂದವು.

ಊಟವಾದ ಮೇಲೆ ಹುಡುಗ ನನ್ನ ಹತ್ತಿರ ಬಂದು, “ಅಜ್ಜಾ, ನಾನು ಸೋತ ಆಟದಲ್ಲಿ ನಂದೂ ಗೀಟು ಹಾಕಿದ್ಯಾ?” ಎಂದು ಮೆಲ್ಲಗೆ ಕೇಳಿದ. ಹಾಕಿದ್ದೆ. ಮೂಲೆಗೆ ಸಿಕ್ಕಿಬಿದ್ದಾಗಲೆಲ್ಲ ಅವನೂ ಹಾರುತ್ತಾನೆ, ಪ್ರತಿ ಸಲವೂ. “ಅವಳಿಗೆ ಹೇಳ್ಬೇಡ ಅಜ್ಜಾ” ಎಂದು ಆಣೆ ಹಾಕಿಸಿಕೊಳ್ಳಲು ನೋಡಿದ. ನಾನು ಆಣೆ ಹಾಕಲಿಲ್ಲ. ಪತ್ರಿಕೆ ಮನೆಗೆ ಬಂದ ದಿನ ಮೊದಲು ಬಿಡಿಸುವವಳು ಅವಳೇ, ನಾನೇನು ಮಾಡಲಿ!